ಕೆಂಪು ಚೀಟಿಯ ಇಲಿಗಳು

ಬಹಳ ಹಿಂದೇನಲ್ಲ, ಬಹಳ ದೂರವೂ ಅಲ್ಲ, ಎರಡು ಕಿವಿಗಳ ನಡುವಿನ ಕತ್ತಲೆಯಲ್ಲಿ ಒಂದು ಊರಿತ್ತು. ಆ ಊರಿನವರು ಒಲೆ ಆರಿಸುವುದನ್ನೇ ಕಲಿತಿರಲಿಲ್ಲ. ಯೋಚನೆ ಮಾಡಬೇಕಾದರೂ ಒಲೆ, ನೆನಪು ಮಾಡಿಕೊಳ್ಳಬೇಕಾದರೂ ಒಲೆ, ಕನಸು ಬೇಯಿಸುವುದಕ್ಕೂ ಅದೇ ಒಲೆ. ಉರಿಯುವ ಒಲೆಯಿಂದ ಕಿಡಿ ಹಾರದೆ ಇರುತ್ತದೆಯೇ? ಹಾರಿದ ಕಿಡಿ ಪಕ್ಕದ ಮನೆಯ ಹುಲ್ಲಿನ ಮಾಡಿನ ಮೇಲೆ ಬೀಳುವುದು, ಯಾರೋ ಓಡಿಬಂದು ತಟ್ಟಿ ಆರಿಸುವುದು, ಹೀಗೇ ಕಾಲ ನಡೆದಿತ್ತು. ಊರಿಗೆ ಕಾವಲುಗಾರರೂ ಇದ್ದರು. ಒಂದು ದಿನ ಹೊರಗಿನಿಂದ ವಿಷದ ಗಾಳಿ ಬೀಸಿತು. ಕಾವಲುಗಾರರು ಗಾಬರಿಬಿದ್ದು, ಕಳ್ಳ ಯಾರು, ಮನೆಯವ ಯಾರು ಎಂದು ನೋಡದೆ ಕಂಡಕಂಡವರ ಮೇಲೆ ಪಂಜು ಎಸೆಯತೊಡಗಿದರು. ಊರು ಹೊತ್ತಿಕೊಂಡಿತು. ಆಗ ಹೆಬ್ಬಾಗಿಲಿನಿಂದ ಒಬ್ಬ ಹೆಂಗಸು ಒಳಗೆ ಬಂದಳು. ಅವಳ ಸೊಂಟದ ಮೇಲೆ ನೀರಿನ ಕೊಡ ಇರಲಿಲ್ಲ. ಅವಳು ಮನೆಮನೆಯ ಬಾಗಿಲು ತಟ್ಟಿ, "ನಿಮ್ಮ ಹಿತ್ತಲಲ್ಲೇ ಬಾವಿ ಉಂಟು, ಮರೆತಿದ್ದೀರಿ, ಸೇದಿ" ಅಂದಳು. ಕಾವಲುಗಾರರ ಹೆಗಲ ಮೇಲೆ ಕೈಯಿಟ್ಟು, "ಸಾಕು, ಸುಧಾರಿಸಿಕೊಳ್ಳಿ" ಅಂದಳು.

ಅಲ್ಲಿಗೆ ಕಥೆ ನಿಂತಿತ್ತು. ನಿಲ್ಲಿಸಿದವಳು ಸ್ಫೂರ್ತಿಯೇ. ಎರಡು ವರ್ಷದ ಹಿಂದೆ, ಘಟ್ಟದ ಕೆಳಗಿನ ಸಂಶೋಧನಾ ಸಂಸ್ಥೆಯೊಂದರ ಇಲಿಗಳ ಕೋಣೆಯಲ್ಲಿ, ಗೂಡು ತೊಳೆಯುತ್ತಿದ್ದ ಬೈರನಿಗೆ ಅವಳು ಈ ಕಥೆ ಹೇಳಿದ್ದಳು. "ಆಮೇಲೆ ಎಂತಾಯ್ತು?" ಎಂದು ಅವನು ಕೇಳಿದಾಗ ಅವಳಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾನೇ ಬಂದು ಹೇಳುತ್ತೇನೆ ಎಂದು ಆಮೇಲೊಮ್ಮೆ ಮಾತು ಕೊಟ್ಟಿದ್ದಳು. ಗೊತ್ತಾಗಿ ಹದಿನಾಲ್ಕು ತಿಂಗಳಾಗಿತ್ತು.

ಈಗ ಅವಳು ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸಿಗೆ ಕಾದು ನಿಂತಿದ್ದಳು. ಹೆಗಲ ಚೀಲದಲ್ಲಿ ಅಜ್ಜಿ ಪಾರ್ವತವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ, ಮತ್ತು ಒಂದು ಹಾಳೆ. ಸೋಮವಾರ ಸಲ್ಲಿಸಬೇಕಾದ ಪ್ರಬಂಧದ ಅರವತ್ತೊಂದನೆಯ ಪುಟ ಅದು. ಇಂಗ್ಲಿಷಿನಲ್ಲಿದ್ದ ಅದರ ಒಂದು ವಾಕ್ಯವನ್ನು ಅವಳು ಬನವಾಸಿ ಕಡೆಯಿಂದ ಬರುವ ದಾರಿಯುದ್ದಕ್ಕೂ ಕನ್ನಡಕ್ಕೆ ತಿರುಗಿಸುತ್ತ ಬಂದಿದ್ದಳು. ಪ್ರಾಣಿಪಾಲಕನ ನಿರ್ಲಕ್ಷ್ಯದಿಂದಾಗಿ ಕೆಂಪು ಚೀಟಿಯ ಗೂಡುಗಳಲ್ಲಿ ಅನುಮತಿಯಿಲ್ಲದ ವಸ್ತುಗಳು ಸೇರಿಕೊಂಡಿದ್ದವು. ಇಂಗ್ಲಿಷಿನಲ್ಲಿ ಅದು ತಣ್ಣಗಿತ್ತು, ಯಾರದೋ ಜ್ವರವನ್ನು ಅಂಕಿಯಲ್ಲಿ ಬರೆದ ಹಾಗೆ. ಕನ್ನಡಕ್ಕೆ ಬಂದ ಕೂಡಲೇ ಅದಕ್ಕೊಂದು ಮುಖ ಬಂತು, ಕುಳ್ಳಗಿನ, ಹಲ್ಲು ಸ್ವಲ್ಪ ಮುಂದಿರುವ, ಐವತ್ತು ದಾಟಿದ ಮುಖ. ಆ ವಾಕ್ಯ ಸುಳ್ಳು ಎಂದು ಬಲ್ಲವಳು ಜಗತ್ತಿನಲ್ಲಿ ಅವಳೊಬ್ಬಳೇ. ಅದನ್ನು ಹಾಗೇ ಬಿಟ್ಟರೆ ಸೋಮವಾರದ ಮೇಲೆ ಅವಳು ಡಾಕ್ಟರ್ ಸ್ಫೂರ್ತಿಯಾಗುವ ದಾರಿಯಲ್ಲಿ ಏನೂ ಅಡ್ಡಿಯಿಲ್ಲ. ತಿದ್ದಬೇಕೆಂದರೆ ಸುಳ್ಳು ಬರೆದವಳು ತಾನೇ ಎಂದು ಮೊದಲು ಬಾಯಿಬಿಡಬೇಕು.

ಬೆಳಿಗ್ಗೆ ಅಜ್ಜಿ ಒಲೆಯ ಮುಂದಿನಿಂದ ತಲೆಯೆತ್ತದೆ ಕೇಳಿದ್ದಳು, "ಎಲ್ಲಿಗವ್ವಾ ಇಷ್ಟು ಲಗೂ?"

"ಯಲ್ಲಾಪುರದ ಆಚೆ, ಇಡಗುಂದಿಗೆ. ಒಬ್ಬರಿಗೆ ಕತಿ ಹೇಳೂದೈತಿ."

"ಕತಿ ಹೇಳಾಕ ಬಸ್ಸು ಹತ್ತಿ ಹೋಗೂ ಹುಡುಗೀನ್ನ ಇವತ್ತ ನೋಡಿದ್ನಿ ನೋಡು. ಸಂಬಂಧ ನೋಡಾಕ ಬರ್ರಿ ಅಂದ್ರ ಮಾತ್ರ ನಿನಗ ಬಸ್ಸು ಸಿಗೂದಿಲ್ಲ."

"ಅರ್ಧಾ ಹೇಳಿ ಬಿಟ್ಟೇನಜ್ಜೀ."

ಪಾರ್ವತವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಅವಳಿಗೆ ಮೊಮ್ಮಗಳ ಇಲಿ, ಸೂಜಿ, ಪ್ರಬಂಧ ಯಾವುದೂ ಅರ್ಥವಾಗುತ್ತಿರಲಿಲ್ಲ. ಅರ್ಧ ಹೇಳಿದ ಕಥೆಯೆಂದರೆ ಏನೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. "ಹಂಗಾದರ ಮೊದಲ ಹೋಗು," ಅಂದಳು. "ಕೇಳಿದ ಮನಶ್ಯಾಗ ಎಷ್ಟ ಕಾಟ ಅದು. ರೊಟ್ಟಿ ನಾಕ ಹೆಚ್ಚಿಗೆ ಇಡ್ತೇನಿ, ಅವರಿಗೂ ಕೊಡು." ಆ ನಾಲ್ಕು ಹೆಚ್ಚಿನ ರೊಟ್ಟಿಯ ಬಿಸಿ ಇನ್ನೂ ಚೀಲದ ಬಟ್ಟೆಯಿಂದ ಬೆನ್ನಿಗೆ ತಾಗುತ್ತಿತ್ತು. ಚಿಕ್ಕಂದಿನಿಂದ ಅವಳಿಗೆ ಸಿಕ್ಕಿದ್ದೆಲ್ಲ ಹೀಗೆಯೇ, ಕೇಳುವ ಮೊದಲೇ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾಗಿ. ಅದಕ್ಕೇ ಇರಬೇಕು, ಸಿಕ್ಕಿದ್ದನ್ನು ಗುರುತಿಸುವ ಅಭ್ಯಾಸವೇ ಅವಳಿಗೆ ಆಗಿರಲಿಲ್ಲ.

ಬಸ್ಸು ಬಂತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಪಕ್ಕಕ್ಕೆ ಬಂದು ಕೂತವರು ನಾಗಪತಿ ಹೆಗಡೆ, ಅವಳಿಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಕಲಿಸಿದವರು, ಈಗ ನಿವೃತ್ತರು. ಅವರು ಮೊದಲು ಫೋನಿನಲ್ಲಿ ಹೆಂಡತಿಗೆ, "ಆನು ಬಸ್ಸಲ್ಲಿದ್ದೆ. ಮಂಚಿಕೇರಿಲಿ ಇಳಿದು ಊಟಕ್ಕೆ ಬರ್ತೆ. ಇಲ್ಲೆ, ಎಂತದೂ ತಿಂಜ್ನಿಲ್ಲೆ" ಎಂದು ವರದಿ ಒಪ್ಪಿಸಿ, ಆಮೇಲೆ ಇವಳತ್ತ ತಿರುಗಿ ಕನ್ನಡಕ ಸರಿಮಾಡಿಕೊಂಡರು. "ಓಹೋ! ನಮ್ಮ ಸ್ಫೂರ್ತಿ ಅಲ್ವನೇ? ಪೇಪರಿನಲ್ಲಿ ಬಂದಿತ್ತಲ್ಲ, ಮಿದುಳಿಗೆ ಬೆಂಕಿ ಬಿದ್ದರೆ ಆರಿಸೋ ಪ್ರೊಟೀನು ಅಂತ. ಯಾವುದೋ ಗ್ರೋತ್ ಫ್ಯಾಕ್ಟರು."

"ಬೆಳವಣಿಗೆಯ ಅಂಶ ಸರ್. ಮಿದುಳೇ ತಯಾರಿಸಿಕೊಳ್ಳುತ್ತೆ."

"ಅಂಗಡಿಯಲ್ಲಿ ಸಿಗೂದು ಯಾವಾಗ ಹೇಳು. ನಾನು ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕ್ತೇನೆ, ಮನೆಯಲ್ಲಿ ದಿನಾ ಮಂಗಳಾರತಿ."

ಅವಳು ನಕ್ಕಳು. ಅದು ಔಷಧಿಯಾಗಲು ಇನ್ನೂ ಎಷ್ಟೋ ದೂರವಿದೆ, ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಲೇಬೇಕೆಂದಿಲ್ಲ ಎಂದಳು. ಅವರು ಹೆಮ್ಮೆಯಿಂದ ಮುಂದಿನ ಸೀಟಿನವರಿಗೂ ಕೇಳುವಂತೆ, "ನೋಡಿ, ಇದು ನಾನು ಕಲಿಸಿದ ಹುಡುಗಿ. ಪ್ರಯೋಗದಲ್ಲಿ ಒಂದು ಸಣ್ಣ ತಪ್ಪೂ ಬಿಡೂದಿಲ್ಲ, ಕಪ್ಪೆ ಕೊಯ್ಯುವಾಗಲೂ ಕಣ್ಣಲ್ಲಿ ನೀರು, ಕೈ ಮಾತ್ರ ನೆಟ್ಟಗೆ" ಎಂದರು. ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇಲಿ ಕೊಲ್ಲೂದು ಕಲೀಲಿಕ್ಕೆ ಇಷ್ಟು ವರ್ಷ ಓದ್ಬೇಕಾ?" ಎಂದು ಕೇಳಿದಳು. ಬಸ್ಸಿನ ಅರ್ಧ ಜನ ನಕ್ಕರು. ಆ ನಗು ಅವಳಿಗೆ ಎಷ್ಟೋ ಹಿತವಾಗಿತ್ತು. ಚುಚ್ಚಿದ್ದು ಮೇಷ್ಟರ ಹೊಗಳಿಕೆ. ಒಂದು ಸಣ್ಣ ತಪ್ಪೂ ಬಿಡುವುದಿಲ್ಲ. ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು, ಒಳಗಿನ ಹಾಳೆ ತನ್ನಷ್ಟಕ್ಕೆ ಗಟ್ಟಿಯಾಗಿ ಓದಿಕೊಂಡುಬಿಡುತ್ತದೇನೋ ಎಂಬಂತೆ.

ಮೂವತ್ತಾರು ಇಲಿ. ಹದಿನೆಂಟಕ್ಕೆ ನೀಲಿ ಚೀಟಿ, ಹದಿನೆಂಟಕ್ಕೆ ಕೆಂಪು. ಎಲ್ಲಕ್ಕೂ ಮೊದಲು ಮಿದುಳಿನಲ್ಲಿ ಉರಿಯೂತ ಎಬ್ಬಿಸುವ ಒಂದು ಚುಚ್ಚುಮದ್ದು, ಅದು ವಿಷದ ಗಾಳಿ. ಆಮೇಲೆ ನೀಲಿಯವಕ್ಕೆ ಮೂಗಿನಲ್ಲಿ ಆ ಬೆಳವಣಿಗೆಯ ಅಂಶದ ಹನಿ, ಅದು ಕಥೆಯ ಹೆಂಗಸು. ಕೆಂಪಿನವಕ್ಕೆ ಬರೀ ಉಪ್ಪುನೀರು. ಯಾವ ಬಣ್ಣಕ್ಕೆ ಯಾವುದೆಂದು ಆರೈಕೆ ಮಾಡುವವನಿಗೆ ಗೊತ್ತಿರಕೂಡದು, ಅದು ನಿಯಮ. ಗೊತ್ತಾದರೆ ಕೈ ತನಗೇ ತಿಳಿಯದಂತೆ ಒಂದು ಕಡೆ ವಾಲುತ್ತದೆ. ಈ ನಿಯಮವನ್ನು ಸ್ಫೂರ್ತಿ ಹೊಸಬರಿಗೆ ಪಾಠ ಮಾಡಿದ್ದಳು. ಅದೇ ವಾರ, ಮಧ್ಯಾಹ್ನದ ಮಂಪರಿನಲ್ಲಿ ಹನಿ ಹಾಕುತ್ತ ಕೂತಿದ್ದಾಗ ಬೈರ ಪೊರಕೆ ಊರಿ ನಿಂತು ಕೇಳಿದ್ದ, "ಅಕ್ಕೋರೇ, ಈ ಕೆಂಪು ಚೀಟಿಯವು ಎಂತಕ್ಕೆ ಹಿಂಗೆ ಮುದುಡಿಕಂಡು ಕೂತಾವೆ?" ಅಕ್ಕೋರೇ ಎಂದು ಕರೆಯುವವನು ಆ ಇಡೀ ಕಟ್ಟಡದಲ್ಲಿ ಅವನೊಬ್ಬನೇ. ಉಳಿದವರಿಗೆ ಅವಳು ಮೇಡಂ. ಆ ಕರೆಯಲ್ಲಿ ಘಟ್ಟದ ಮೇಲಿನ ಯಾವುದೋ ಶಾಲೆಯ ಜಗಲಿ ಇತ್ತು, ಸೀಮೆಸುಣ್ಣದ ವಾಸನೆ ಇತ್ತು. ಅವಳ ಬಾಯಿಗೆ ಕಥೆ ಬಂತು. ಅಜ್ಜಿಯ ಎದುರು ಹೂಂಗುಟ್ಟುತ್ತ ಬೆಳೆದವಳಿಗೆ ತನ್ನೆದುರು ಒಬ್ಬ ಹೂಂಗುಟ್ಟುವವನು ಸಿಕ್ಕಿದ್ದು ಅದೇ ಮೊದಲು. ಊರು, ಒಲೆ, ಕಿಡಿ, ಪಂಜು, ಹೆಂಗಸು ಎಲ್ಲ ಹೇಳಿದಳು. "ಕೆಂಪಿನವಕ್ಕೆ ಆ ಹೆಂಗಸು ಬರೂದೇ ಇಲ್ವಾ?" ಎಂದು ಅವನು ಕೇಳಿದಾಗ, ಯೋಚಿಸದೆ, "ಇಲ್ಲ, ಅವಕ್ಕೆ ಬರೀ ಉಪ್ಪುನೀರು" ಅಂದಳು. "ಪಾಪದವು," ಎಂದು ಅವನು ಮತ್ತೆ ಗುಡಿಸತೊಡಗಿದ. ನಿಯಮ ಮುರಿದದ್ದು ಆ ಗಳಿಗೆಯಲ್ಲಿ. ಮುರಿದ ಸದ್ದು ಅವಳಿಗೆ ಕೇಳಿಸಲಿಲ್ಲ. ಹೇಳಿದ ಕಥೆಯ ಚೆಲುವು ಕಿವಿ ತುಂಬಿತ್ತು.

ಅಲ್ಲಿಂದ ಮೂರು ವಾರ ಅವಳು ಆ ಕೋಣೆಗೆ ಹೋಗಲೇ ಇಲ್ಲ. ಸಮ್ಮೇಳನಕ್ಕೆ ಲೇಖನ ಬರೆಯುವುದಿತ್ತು. ಹನಿ ಹಾಕುವುದನ್ನು ಜೊತೆಯವರೊಬ್ಬರಿಗೆ ಒಪ್ಪಿಸಿದ್ದಳು, ಅವರು ಇಲಿ ಹಿಡಿದು ಹನಿ ಹಾಕಿ ಫೋನು ನೋಡುತ್ತ ಹೊರಟುಹೋಗುವವರು. ಪರೀಕ್ಷೆಯ ದಿನ ಬೈರನೇ ಇಲಿಗಳನ್ನು ಡಬ್ಬಿಯಲ್ಲಿ ಒಂದೊಂದಾಗಿ ತಂದುಕೊಟ್ಟ. ಸುತ್ತುಬಳಸಿನ ದಾರಿಯಲ್ಲಿ ಬಿಟ್ಟರೆ ನೀಲಿಯವು ಕಾಳಿದ್ದ ಮೂಲೆಯನ್ನು ನೆನಪಿಟ್ಟು ಹುಡುಕಿದವು, ಅದು ಅವಳು ಬಯಸಿದ್ದೇ. ಕೆಂಪಿನವೂ ಹುಡುಕಿದವು. ಮರೆಯಬೇಕಾಗಿದ್ದ ಇಲಿಗಳು ಮೀಸೆ ಅಲ್ಲಾಡಿಸುತ್ತ ಒಂದರ ಹಿಂದೊಂದು ಸರಿಯಾದ ತಿರುವಿನಲ್ಲಿ ತಿರುಗಿದವು. ಒಂದೊಂದು ಇಲಿ ದಾರಿ ಕಂಡುಕೊಂಡಾಗಲೂ ಅವಳ ಎದೆಯಲ್ಲಿ ಒಂದು ಮೆಟ್ಟಿಲು ಕುಸಿಯಿತು. ಔಷಧಿ ಇಲ್ಲದೆಯೂ ಆಗುವುದಾದರೆ ಔಷಧಿ ಏತಕ್ಕೆ? ಅವಳು ಇಲಿಗಳ ಕೋಣೆಗೆ ಓಡಿದಳು. ನೀಲಿ ಚೀಟಿಯ ಗೂಡುಗಳಲ್ಲಿ ಎಂದಿನಂತೆ ಮರದ ಹೊಟ್ಟು. ಕೆಂಪು ಚೀಟಿಯವುಗಳಲ್ಲಿ ಒಣಗಿದ ಎಲೆಗಳ ದಪ್ಪ ಹಾಸು, ಬಿದಿರಿನ ಅಂಡೆಗಳ ಸುರಂಗ, ತೂತು ಕೊರೆದ ತೆಂಗಿನ ಗರಟೆ, ಕಡ್ಡಿಗಳನ್ನು ಬಾಳೆನಾರಿನಿಂದ ಬಿಗಿದ ಪುಟ್ಟ ಏಣಿ. ದಿನಾ ಸಂಜೆ ಅವನು ಅವುಗಳ ಜಾಗ ಬದಲಿಸುತ್ತಿದ್ದನಂತೆ, ಬೇಸರ ಬರಬಾರದೆಂದು.

"ಏನಿದು?" ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ಕೋಣೆಯವರೂ ಬಂದು ನಿಂತರು.

"ಅವಕ್ಕೆ ಮದ್ದು ಇಲ್ಲ ಅಂದ್ರಲ್ಲ ಅಕ್ಕೋರೇ," ಬೈರ ಮೆಲ್ಲಗೆ ಹೇಳಿದ. "ಹಾಸಿಗೆನಾದ್ರೂ ಇರ್ಲಿ ಅಂತ. ನಮ್ಮ ಬದಿಗೆ ಕೊಟ್ಟಿಗೆಗೆ ದರಕು ಹಾಸದೆ ಮಲಗೂ ಪದ್ಧತಿ ಇಲ್ಲ. ಜಡ್ಡಾದ ದನಕ್ಕೆ ಮತ್ತೂ ಒಂದು ಹೊರೆ ಹೆಚ್ಚಿಗೆ."

ಊರಿಗೆ ಹೋದಾಗಲೆಲ್ಲ ಇಡಗುಂದಿಯ ಕಾಡಿನಿಂದ ಒಂದು ಗೋಣಿಚೀಲ ದರಕನ್ನು, ಅಂದರೆ ಒಣ ಎಲೆಯನ್ನು, ಘಟ್ಟ ಇಳಿಸಿ, ಬಸ್ಸಿನ ಮೇಲೆ ಹಾಕಿ ತಂದಿದ್ದ. ಅವನು ಹೇಳಿದ ಮೊದಲ ಮಾತಿನಲ್ಲೇ ಅವಳ ಗುಟ್ಟು ಇತ್ತು, ಮದ್ದು ಇಲ್ಲ ಅಂದ್ರಲ್ಲ. ಸುತ್ತ ನಿಂತವರು ಎಲೆಗಳನ್ನು ನೋಡುತ್ತಿದ್ದುದರಿಂದ ಯಾರ ಕಿವಿಗೂ ಅದು ಬೀಳಲಿಲ್ಲ. ವರದಿಯ ನಮೂನೆ ತುಂಬಿದವಳು ಅವಳು. ಕಾರಣ ಎಂಬ ಖಾಲಿ ಜಾಗದಲ್ಲಿ ಪಾಲಕನ ನಿರ್ಲಕ್ಷ್ಯ ಎಂದು ಬರೆಯುವಾಗ ಅವಳ ಕೈ, ಮೇಷ್ಟರು ಹೇಳಿದ ಹಾಗೆ, ನೆಟ್ಟಗಿತ್ತು. ಗುತ್ತಿಗೆಯ ಆಳು, ಎರಡು ದಿನದಲ್ಲಿ ತೆಗೆದರು. ಹೋಗುವಾಗ ಅವನು ಗೇಟಿನಲ್ಲಿ ಅವಳಿಗಾಗಿ ಕಾದು ನಿಂತಿದ್ದ. ಬೈಯುತ್ತಾನೆಂದುಕೊಂಡಳು. ಅವನಿಗೆ ಬರೆದವರು ಯಾರೆಂದೇ ಗೊತ್ತಿರಲಿಲ್ಲ. "ಆ ಊರಿನ ಕಥೆ ಕೊನೆಗೆ ಎಂತಾಯ್ತು ಅಂತ ನೀವು ಹೇಳಲೇ ಇಲ್ಲ," ಅಂದ. ಆಗಲೇ ಅವಳು ಆ ಮಾತು ಕೊಟ್ಟದ್ದು.

ಮಂಚಿಕೇರಿ ಬಂತು. ಇಳಿಯುವ ಮೊದಲು ನಾಗಪತಿ ಮೇಷ್ಟರು ಕೈಚೀಲದಿಂದ ಎರಡು ಕಿತ್ತಳೆ ತೆಗೆದು ಅವಳ ಮಡಿಲಿಗೆ ಹಾಕಿ, "ಒಳ್ಳೇದಾಗಲಿ" ಎಂದು ಇಳಿದುಹೋದರು, ಕನ್ನಡಕದ ಡಬ್ಬಿಯನ್ನು ಸೀಟಿನ ಮೇಲೇ ಬಿಟ್ಟು. ಸ್ಫೂರ್ತಿ ಅದನ್ನು ಕಿಟಕಿಯಿಂದ ಚಾಚಿ ಕೂಗಿದಳು. ಅವರು ಓಡಿಬಂದು ತೆಗೆದುಕೊಂಡು ಮಗುವಿನಂತೆ ನಕ್ಕರು. ಬಸ್ಸು ಹೊರಟ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ಈ ಮನುಷ್ಯ ವರ್ಷಗಳ ಹಿಂದೆ, ಕಾಲೇಜಿನ ಹಳೆಯ ಸೂಕ್ಷ್ಮದರ್ಶಕದ ಅಡಿಯಲ್ಲಿ ಈರುಳ್ಳಿ ಸಿಪ್ಪೆಯಿಟ್ಟು, ನೋಡು, ಒಂದೊಂದೂ ಒಂದೊಂದು ಮನೆ, ಎಂದಿದ್ದರು. ಕಥೆ ಕೊಟ್ಟವಳು ಅಜ್ಜಿ, ಮನೆಗಳನ್ನು ತೋರಿಸಿದವರು ಇವರು, ಎಲೆ ತಂದವನು ಬೈರ. ತನ್ನದು ಎನ್ನುವುದು ಪ್ರಬಂಧದಲ್ಲಿ ಏನಿದೆ? ಆ ಒಂದು ವಾಕ್ಯ. ಗೈಡ್ ಮೇಡಂ ಕೆಂಪು ಇಲಿಗಳ ಲೆಕ್ಕ ನೋಡಿ ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಮರುದಿನ, "ಇದು ಹಾಳಾದ ಪ್ರಯೋಗ ಅಲ್ಲ ಸ್ಫೂರ್ತಿ, ಇದೇ ಪ್ರಯೋಗ" ಎಂದಿದ್ದರು. ಕಾಡಿನ ಎಲೆಯಲ್ಲಿ ಏನು ರೋಗಾಣು ಇರುತ್ತದೋ ಎಂದು ಹಬೆಯಲ್ಲಿ ಶುದ್ಧಮಾಡಿದ ಎಲೆ, ಬಿದಿರು, ಗರಟೆ ಇಟ್ಟು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಮತ್ತೆ ಅದೇ ಉತ್ತರ ಬಂತು. ಅವಳನ್ನು ಹೊಗಳಿದರು, ಪೇಪರಿನಲ್ಲಿ ಫೋಟೋ ಬಂತು. ಬಣ್ಣದ ಗುಟ್ಟು ಪಾಲಕನಿಗೆ ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ.

ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಅವಳು ಇಡಗುಂದಿಯಲ್ಲಿ ಇಳಿದಾಗ ಊಟದ ಹೊತ್ತು. ಚಾದಂಗಡಿಯಲ್ಲಿ ಕೇಳಿದರೆ, ಬೈರ ಈಗ ಅರಣ್ಯ ಇಲಾಖೆಯ ನರ್ಸರಿಯಲ್ಲಿದ್ದಾನೆ ಎಂದು ದಾರಿ ತೋರಿಸಿದರು. ಹಸಿರು ಪರದೆಯ ಕೆಳಗೆ ಸಾಲುಸಾಲು ಸಸಿ. ಒಂದು ಮಣ್ಣಿನ ಗುಡ್ಡೆಯ ಪಕ್ಕ ಬೈರ ಕುಕ್ಕರಗಾಲಿನಲ್ಲಿ ಕೂತು ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ಜೊತೆಯಲ್ಲಿ ಅವನ ಹೆಂಡತಿ ಮಾದೇವಿ, ತುಂಬಿದ ಚೀಲಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

"ಅಕ್ಕೋರು!" ಬೈರ ಎದ್ದು ನಿಂತ, ಕೈಯ ಮಣ್ಣನ್ನು ಒರೆಸಲು ಜಾಗ ಹುಡುಕಿ ಕೊನೆಗೆ ಬೆನ್ನ ಹಿಂದೆ ಇಟ್ಟುಕೊಂಡ. "ಬಂದೇ ಬಿಟ್ರಾ! ಮಾದೇವೀ, ನಾ ಹೇಳ್ತಿದ್ನಲ್ಲ, ಕಥೆ ಹೇಳೂ ಅಕ್ಕೋರು."

"ಹೌದಾ," ಮಾದೇವಿ ಅವಳನ್ನು ಅಳೆದು ನೋಡಿದಳು. "ಎರಡು ವರ್ಷದಿಂದ ದಾರಿ ಕಾಯ್ತಿದ್ರು ಇವರು. ನಂಗಂತೂ ನಂಬಿಕೆ ಇರ್ಲಿಲ್ಲ."

ಬರುವಾಗ ಅವಳು ಮಾತುಗಳನ್ನು ಒಪ್ಪವಾಗಿ ಜೋಡಿಸಿಕೊಂಡಿದ್ದಳು, ಮೊದಲು ಕಥೆ, ಕೃತಜ್ಞತೆ, ಆಮೇಲೆ ನಿಧಾನವಾಗಿ ಅದು. ಅವನು ಮಣ್ಣಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡದ್ದು ಕಂಡ ಕೂಡಲೇ ಆ ಜೋಡಣೆಯೆಲ್ಲ ಕಲಸಿಹೋಯಿತು. ನಿಂತಲ್ಲೇ ಹಾಳೆ ತೆಗೆದು ವಾಕ್ಯವನ್ನು ಕನ್ನಡದಲ್ಲಿ ಓದಿದಳು. "ಇದನ್ನ ಬರೆದೋಳು ನಾನು ಬೈರಣ್ಣ. ಆವತ್ತಿನ ವರದಿ ಬರೆದೋಳೂ ನಾನೇ. ಕೆಂಪಿನವಕ್ಕೆ ಮದ್ದಿಲ್ಲ ಅಂತ ನಿಮಗೆ ಹೇಳಿದ್ದು ನಾನು, ಅದನ್ನ ಮುಚ್ಚಿಟ್ಟೆ. ನಿಮ್ಮ ಕೆಲಸ ಹೋಗಿದ್ದು ನನ್ನಿಂದ."

ಬೈರ ಮತ್ತೆ ಕೂತು ಒಂದು ಚೀಲ ಬಿಡಿಸಿ, ಮಣ್ಣು ತುಂಬಿ, ಹೆಬ್ಬೆರಳಿನಿಂದ ಒತ್ತಿದ. ಇನ್ನೊಂದು ತೆಗೆದುಕೊಂಡ. ಅವಳಿಗೆ ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ಮೂರನೆಯ ಚೀಲ ತುಂಬಿದ ಮೇಲೆ ಅವನು ಮಣ್ಣಿಗೇ ಹೇಳುವಂತೆ ಹೇಳಿದ, "ದರಕು ಹಾಸಿದ್ದು ತಪ್ಪು ಅಂದ್ರೆ ತಪ್ಪೇ. ನಿಮ್ಮ ಜಾಗ, ನಿಮ್ಮ ನೇಮ. ಲಕ್ಷ್ಯ ಇಟ್ಟಿಲ್ಲ ಅಂತ ಬರೆದ್ರಲ್ಲ ಅಕ್ಕೋರೇ. ಹದಿನೆಂಟು ಇಲಿ. ಒಂದೊಂದರದ್ದೂ ಬೇಕಾದ್ರೆ ಈಗ ಹೇಳ್ತೆ. ಮೂರನೇ ಗೂಡಿಂದಕ್ಕೆ ಎಡಗಿವಿ ಹರಿದಿತ್ತು. ಏಳನೇದು ಅಂಡೆಯೊಳಗೆ ಬಿಟ್ರೆ ಬೇರೆಲ್ಲೂ ಮಲಗ್ತಿರ್ಲಿಲ್ಲ. ಹನ್ನೊಂದನೇದಕ್ಕೆ ನೀವು ಹನಿ ಹಾಕೂ ವಾರವೇ ಕಣ್ಣಲ್ಲಿ ಕೀವು ಬಂದಿತ್ತು, ನೀವು ನೋಡಿರ್ಲಿಲ್ಲ."

ನೋಡಿರಲಿಲ್ಲ. ನಿರ್ಲಕ್ಷ್ಯ ಎಂದು ಬರೆಯುವಾಗ ಆ ಪದ ಎಲ್ಲಿಂದ ಅಷ್ಟು ಬೇಗ ಕೈಗೆ ಸಿಕ್ಕಿತೆಂದು ಅವಳಿಗೆ ಈಗ ಹೊಳೆಯಿತು.

"ಬೆಳಗಾದ್ರೆ ದನದ ಮುಖ ನೋಡಿ ತಮ್ಮ ಮುಖ ತೊಳೆಯೂ ಗಂಡಸು ಇವರು," ಮಾದೇವಿಯ ದನಿ ಏರಿತು. "ಆ ಒಂದು ಮಾತು ಹೊತ್ಕಂಡು ಬಂದ ಮೇಲೆ, ದನದ ಆಸ್ಪತ್ರೆಯವರು ಕರೆದ್ರೂ ಕೆಲಸಕ್ಕೆ ಹೋಗ್ಲಿಲ್ಲ. ನಂಗೆ ಲಕ್ಷ್ಯ ಸಾಲೂದಿಲ್ಲಂತೆ, ಬರೆದಿಟ್ಟಿದ್ದಾರಂತೆ, ಅಂತ. ನಾನೂ ಬೈದೆ. ಎಂತಾದ್ರೂ ಮಾಡಿರ್ಬೇಕು, ಇಲ್ದಿದ್ರೆ ಸುಮ್ನೆ ತೆಗೀತಾರಾ ಅಂತ. ನಾನೂ ಅಂದೆ!" ಅವಳು ಮುಖ ತಿರುಗಿಸಿ, ಜೋಡಿಸಿದ್ದ ಚೀಲಗಳನ್ನೇ ಮತ್ತೊಮ್ಮೆ ಜೋಡಿಸತೊಡಗಿದಳು.

ಕ್ಷಮಿಸಿ ಎನ್ನುವ ಮಾತು ನಾಲಗೆಯ ತುದಿಗೆ ಬಂದು ತೀರ ಹಗುರವಾಗಿ ಕಂಡಿತು. ಅವಳು, "ಇಲ್ಲಿ ಫೋನಿಗೆ ಎಲ್ಲಿ ಟವರ್ ಸಿಗುತ್ತೆ?" ಎಂದಳು. ಬೈರ ಗದ್ದದಿಂದ ಮತ್ತಿಮರದ ಕಡೆ ತೋರಿಸಿದ. ಹತ್ತು ಹೆಜ್ಜೆಯಷ್ಟೇ. ಅವರಿಬ್ಬರಿಗೂ ಕೇಳಲಿ ಎಂದು ಅವಳು ದೊಡ್ಡದಾಗಿಯೇ ಮಾತಾಡಿದಳು. "ಮೇಡಂ, ಅರವತ್ತೊಂದನೇ ಪುಟದಲ್ಲಿ ಒಂದು ಸುಳ್ಳಿದೆ. ಬಣ್ಣದ ಗುಟ್ಟು ಬಿಟ್ಟುಕೊಟ್ಟೋಳು ನಾನು. ವರದಿಯಲ್ಲಿ ಬೈರಣ್ಣನ ತಲೆಗೆ ಕಟ್ಟಿದೆ." ಆ ತುದಿಯಿಂದ ಮೇಡಂ, "ಹಾಗಾದರೆ ಸೋಮವಾರ ಸಲ್ಲಿಸೋ ಹಾಗಿಲ್ಲ. ಸಮಿತಿಗೆ ಬರೀಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ, ಏನು ಹೇಳ್ತಾರೋ ಗೊತ್ತಿಲ್ಲ. ಯೋಚಿಸಿದ್ದೀಯಾ?" ಎಂದರು. ಯೋಚಿಸಿದ್ದೇನೆ ಎಂದಳು. "ಎರಡನೇ ಸಲದ ಪ್ರಯೋಗಕ್ಕೆ ಧಕ್ಕೆ ಇಲ್ಲ, ಅದು ನಿಲ್ಲುತ್ತೆ. ನೀನು ನಿಲ್ತೀಯೋ ಇಲ್ವೋ ನೋಡಬೇಕು." ಫೋನು ಇಡುವ ಮುನ್ನ ಅವರ ದನಿ ತಗ್ಗಿತು. "ಅವನಿಗೆ ಹೇಗೆ ಗೊತ್ತಾಯ್ತು ಅಂತ ನಾನೂ ಕೇಳಬೇಕಿತ್ತು ಕಣೇ. ಫಲಿತಾಂಶ ಚೆನ್ನಾಗಿತ್ತು, ಕೇಳಲಿಲ್ಲ. ವರದಿ ಹಿಂತೆಗೆದುಕೊಳ್ಳೋ ಪತ್ರಕ್ಕೆ ನನ್ನ ಸಹಿಯೂ ಇರುತ್ತೆ ಅಂತ ಅವರಿಗೆ ಹೇಳು."

ಅವಳು ತಿರುಗಿ ಬಂದು ಹೇಳಿದಳು. ತಲೆ ಜ್ವರ ಬಿಟ್ಟ ಬೆಳಗಿನಂತೆ ತಿಳಿಯಾಗಿತ್ತು. ಬೈರ ಒಂದು ಗೋಣಿ ಕೊಡವಿ ನೆಲಕ್ಕೆ ಹಾಸಿದ. "ಕೂತ್ಕಳಿ. ಬಿಸಿಲಿಗೆ ಬಂದೀರಿ." ಅವಳು ಕೂತು ಅಜ್ಜಿಯ ಗಂಟು ಬಿಚ್ಚಿದಳು. ಮಾದೇವಿ ದೂರದಿಂದಲೇ ನೋಡಿ, "ಇದೆಂತ, ಇಷ್ಟು ತೆಳ್ಳಗೆ! ಬಡಿದವರ ಕೈ ಒಳ್ಳೇದಿದೆ," ಎಂದು ಹತ್ತಿರ ಬಂದಳು. ಮೂವರೂ ತಿಂದರು. ಚಟ್ನಿಪುಡಿಯ ಖಾರಕ್ಕೆ ಬೈರನ ಕಣ್ಣಲ್ಲಿ ನೀರು ಬಂತು, ಅಥವಾ ಖಾರಕ್ಕೆ ಎಂದು ಅವಳು ಅಂದುಕೊಂಡಳು.

"ಈಗ ಹೇಳಿ," ಅಂದ ಅವನು. "ಎಂತಾಯ್ತು ಆ ಊರು?"

"ಮೊದಲು ಒಂದು ಹೇಳಿಬಿಡ್ತೀನಿ ಬೈರಣ್ಣ. ಇಲಿ ಯಾವುದೂ ಉಳಿದಿಲ್ಲ. ಮಿದುಳಿನ ಒಳಗೆ ನೋಡಬೇಕಾದರೆ…"

"ಅದು ನಂಗೆ ಗೊತ್ತು. ಅಲ್ಲೇ ಇದ್ದವ ನಾ. ಅದಕ್ಕೂ ಹಿಂದಿನವನ್ನ ಒಂದೊಂದಾಗಿ ಹಿಡಿದುಕೊಡುವಾಗ ಕೈಯೆತ್ತಿ ಮುಗೀತಿದ್ದೆ, ನೀವು ನೋಡಿರ್ಲಿಕ್ಕಿಲ್ಲ. ನಾ ಕೇಳಿದ್ದು ಇಲಿ ಅಲ್ಲ, ಅದರ ತಲೆಯೊಳಗಿನ ಊರು. ಉಳೀತಾ?"

ಅವಳು ಹೇಳತೊಡಗಿದಳು. ಎರಡು ವರ್ಷ ಗಂಟಲಲ್ಲಿ ಒಣಗಿದ್ದ ಕಥೆ ಮೊದಲು ತಡವರಿಸಿತು. "ನಾನು ಮೊದಲು ಹೇಳಿದ ಕಥೆಯಲ್ಲೇ ಒಂದು ತಪ್ಪಿತ್ತು. ಆ ಹೆಂಗಸು ಹೊರಗಿನಿಂದ ಬರಬೇಕು, ನಾವು ಹನಿ ಹಾಕಿದರೇ ಬರೋದು ಅಂದುಕೊಂಡಿದ್ದೆ. ಅವಳು ಆ ಊರಿನವಳೇ. ಬೋಳು ಗೂಡಿನಲ್ಲಿ ಅವಳಿಗೆ ಏಳೋದಕ್ಕೆ ಕಾರಣವೇ ಇರಲಿಲ್ಲ. ನೀವು ಎಲೆ ಹಾಸಿದಿರಿ. ಇಲಿ ಮೂಸಿತು, ಕೆದರಿತು, ಅಂಡೆಯೊಳಗೆ ನುಗ್ಗಿತು, ಏಣಿ ಹತ್ತಿತು. ನಿನ್ನೆಯ ದಾರಿ ಇವತ್ತು ಇರಲಿಲ್ಲ, ಹೊಸದಾಗಿ ಹುಡುಕಬೇಕಾಯ್ತು. ಹುಡುಕೋ ಓಡಾಟಕ್ಕೆ ಅವಳಿಗೆ ಎಚ್ಚರ ಆಯ್ತು. ಎದ್ದು ಬಾಗಿಲು ತಟ್ಟಿದಳು. ಮನೆಯವರು ತಮ್ಮ ಬಾವಿ ತಾವೇ ಸೇದಿಕೊಂಡು ಕಿಡಿ ಆರಿಸಿಕೊಂಡರು. ಕಾವಲುಗಾರರು ಪಂಜು ಕೆಳಗಿಟ್ಟರು. ಕೆಲವು ಮನೆ ಸುಟ್ಟೇ ಹೋದವು, ಎಲ್ಲವನ್ನೂ ಉಳಿಸೋಕೆ ಆಗಲಿಲ್ಲ. ಉಳಿದ ಮನೆಗಳಲ್ಲಿ ನೆನಪು ಹಾಗೇ ಇತ್ತು, ಕಾಳು ಎಲ್ಲಿದೆ ಅಂತ ಗೊತ್ತಿತ್ತು."

ಹೇಳುತ್ತ ಹೇಳುತ್ತ ಅವಳಿಗೆ ತಾನು ಅಜ್ಜಿಯ ಹಾಗೆ ಕೈ ಆಡಿಸುತ್ತಿದ್ದೇನೆಂದು ಅರಿವಾಯಿತು. ನಿಲ್ಲಿಸಲಿಲ್ಲ. ಬೈರ ಮಣ್ಣು ತುಂಬುವುದನ್ನು ಮರೆತು ಚೀಲವನ್ನು ಬಾಯಿ ತೆರೆದಂತೆಯೇ ಹಿಡಿದಿದ್ದ. ಮಾದೇವಿ ಗಂಡನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

"ಎಷ್ಟು ಮನೆ?" ಬೈರ ಕೇಳಿದ.

"ಬರೀ ಹೊಟ್ಟು ಹಾಸಿ, ಮದ್ದೂ ಇಲ್ಲದೆ ಆಮೇಲೆ ಬೇರೆ ಇಲಿಗಳನ್ನ ಇಟ್ಟು ನೋಡಿದೆವು. ಅವುಗಳಲ್ಲಿ ನೂರಕ್ಕೆ ನಲವತ್ತು ಮನೆ ಉಳಿದವು. ಮದ್ದು ಹಾಕಿದ ನೀಲಿಯವುಗಳಲ್ಲಿ ಎಂಬತ್ತೊಂದು."

"ನಮ್ಮ ಕೆಂಪಿನವು?"

"ಎಪ್ಪತ್ತನಾಲ್ಕು."

ಬೈರ ಹೆಂಡತಿಯ ಕಡೆ ತಿರುಗಲಿಲ್ಲ. ತಿರುಗದೇ ಇರಲು ಅವನು ಪಡುತ್ತಿದ್ದ ಕಷ್ಟ ಸ್ಫೂರ್ತಿಗೆ ಕಾಣುತ್ತಿತ್ತು.

ಮಾದೇವಿಯೇ ಮುಂದೆ ಬಾಗಿ, ಒಂದೊಂದು ಮಾತನ್ನೂ ಬಿಡಿಸಿ ಕೇಳಿದಳು, "ಮದ್ದಿಲ್ದೆಯಾ ಅಕ್ಕೋರೇ? ಇವರು ಹಾಸಿದ್ದಕ್ಕೇಯಾ?"

"ಮದ್ದಿಲ್ಲದೆ," ಅಂದಳು ಸ್ಫೂರ್ತಿ. "ಇವರು ಹಾಸಿದ್ದಕ್ಕೇ."